ಇಳಿಜಾರಿನಲ್ಲಿ ಬೆಳೆದ ಊರು ಹಲಸೂರು

ಭೂಪಟದಲ್ಲಿ ನಾರ್ವೆ ದೇಶದ ಪಶ್ಚಿಮ ಕರಾವಳಿಯನ್ನು ನೋಡಿ. ಬೆಟ್ಟಗಳ ನಡುವೆ ಸಮುದ್ರವು ಬೆರಳು ಚಾಚಿದಂತೆ ಒಳಕ್ಕೆ ಬಂದಿದೆ. ಇವೇ ಫಿಯರ್ಡ್‌ಗಳು. ಹಿಮಯುಗದಲ್ಲಿ ಹಿಮನದಿಗಳು ಬಂಡೆಯನ್ನು ಉಜ್ಜಿ ಕೊರೆದ ಕಣಿವೆಗಳಿಗೆ ಆಮೇಲೆ ಕಡಲ ನೀರು ನುಗ್ಗಿತು. ಸೋಗ್ನೆ ಫಿಯರ್ಡ್ 200 ಕಿ.ಮೀ.ಗೂ ಹೆಚ್ಚು ಉದ್ದ, ಸುಮಾರು 1,300 ಮೀಟರ್ ಆಳ. ದಡದ ಹಳ್ಳಿಗರ ಬೇಸಾಯ, ಮೀನುಗಾರಿಕೆ, ಓಡಾಟ ಎಲ್ಲವೂ ಆ ಕಣಿವೆಗೆ ಹೊಂದಿಕೊಂಡೇ ಬೆಳೆದವು.

ಬೆಂಗಳೂರಿಗೆ ಕಡಲಿಲ್ಲ, ದೊಡ್ಡ ನದಿಯೂ ಇಲ್ಲ. ಆದರೆ ನೆಲದ ಏರುತಗ್ಗು ಒಂದು ಊರನ್ನು ಹೇಗೆ ರೂಪಿಸುತ್ತದೆ ಎಂಬುದನ್ನು ತಿಳಿಯಲು ಹಲಸೂರನ್ನು ನೋಡಿದರೂ ಸಾಕು.

ನಗರವಿರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ನಡುವೆ ಒಂದು ಉದ್ದನೆಯ ದಿಣ್ಣೆ ಹಾದುಹೋಗಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಹಲಸೂರು ಇರುವುದು ಪೂರ್ವದ ಇಳಿಜಾರಿನಲ್ಲಿ. ಇಲ್ಲಿಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿ ನದಿಗೆ ಸೇರಿ, ತಮಿಳುನಾಡಿನ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಹರಿದುಹೋಗುವ ಈ ನೀರಿಗೆ ಅಡ್ಡಲಾಗಿ ಹಿಂದಿನವರು ಏರಿ ಕಟ್ಟಿದರು. ಹೆಚ್ಚಾದ ನೀರು ಹೊರಗೆ ಹೋಗಲು ಕೋಡಿ ಬಿಟ್ಟರು. ಒಂದು ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಸುಮಾರು 50 ಹೆಕ್ಟೇರ್ ವಿಸ್ತಾರದ ಹಲಸೂರು ಕೆರೆ ಈ ಸರಪಣಿಯ ಒಂದು ಕೊಂಡಿ. ಕೆಂಪೇಗೌಡರ ಮನೆತನದವರು ಇದನ್ನು ಕಟ್ಟಿಸಿದರೆಂಬ ಪ್ರತೀತಿ ಇದೆ. ಕೆರೆಯ ಬಳಿ ಕೆಂಪೇಗೌಡ ಗೋಪುರಗಳಲ್ಲಿ ಒಂದು ಇಂದಿಗೂ ನಿಂತಿದೆ.

ಹಲಸಿನ ಮರಗಳಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುತ್ತಾರೆ. ಆದರೆ ‘ಹಲಸೂರು ಗೇಟ್’ ಇರುವುದು ಹಲಸೂರಿನಲ್ಲಲ್ಲ, ದೂರದ ನಗರ್ತಪೇಟೆಯ ಬಳಿ! ಏಕೆ? ಹಳೆಯ ಬೆಂಗಳೂರು ಪೇಟೆಯ ಕೋಟೆಗೆ ಹಲಸೂರಿನ ಕಡೆಗೆ ತೆರೆಯುವ ಬಾಗಿಲು ಅಲ್ಲಿತ್ತು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ ನುಗ್ಗಿದ್ದು ಆ ಬಾಗಿಲಿನಿಂದಲೇ. 1809ರಲ್ಲಿ ಬ್ರಿಟಿಷರು ಹಲಸೂರಿನ ಮಗ್ಗುಲಲ್ಲೇ ದಂಡು ಪ್ರದೇಶವನ್ನು ಸ್ಥಾಪಿಸಿದರು. 1834ರಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯೂ ಬೆಂಗಳೂರಿಗೆ ಬಂದು ಕೆರೆಯ ಸಮೀಪ ನೆಲೆಸಿತು. ಸೈನ್ಯದ ಹಿಂದೆ ವ್ಯಾಪಾರಿಗಳು, ಕುಶಲಕರ್ಮಿಗಳು, ಕೂಲಿಗಳು ಬಂದರು. ತಮಿಳು ಮಾತನಾಡುವ ಅನೇಕ ಕುಟುಂಬಗಳು ಇಲ್ಲೇ ನಿಂತವು. 1949ರಲ್ಲಿ ದಂಡು ಮತ್ತು ಪೇಟೆ ಒಂದೇ ನಗರಪಾಲಿಕೆಗೆ ಸೇರಿದವು.

ಜನ ಹೆಚ್ಚಿದಂತೆ ಮಳೆನೀರು ಹರಿಯುವ ಕಾಲುವೆಗಳಿಗೆ ಮನೆಗಳ ಕೊಳಚೆಯೂ ಸೇರಿತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಇದಕ್ಕೆ ಕಾರಣ ಹತ್ತನೆಯ ತರಗತಿಯ ಪಾಠದಷ್ಟು ಸರಳ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಮಾತ್ರ ಕರಗುತ್ತದೆ. ನೀರು ಬಿಸಿಯಾದಷ್ಟೂ ಈ ಪ್ರಮಾಣ ಇನ್ನೂ ಕಡಿಮೆ. ಕೊಳಚೆಯನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ಅದನ್ನೇ ಬಳಸುತ್ತವೆ. ಕೊಳಚೆಯ ಸಾರ ಉಂಡು ಬೆಳೆದ ಪಾಚಿಯೂ ರಾತ್ರಿ ಹೊತ್ತು ಆಮ್ಲಜನಕವನ್ನು ಹೀರುತ್ತದೆ. ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೀನುಗಳಿಗೆ ಕಷ್ಟ.

ನಾರ್ವೆಯ ಕೆಲವು ಫಿಯರ್ಡ್‌ಗಳಲ್ಲೂ ಆಳದ ನೀರಿಗೆ ಆಮ್ಲಜನಕದ ಕೊರತೆ ಇದೆ. ಅವುಗಳ ಬಾಯಲ್ಲಿ ಹೊಸ್ತಿಲಿನಂಥ ದಿಬ್ಬವಿದ್ದು, ಹೊಸ ನೀರು ಸುಲಭವಾಗಿ ತಳ ಮುಟ್ಟುವುದಿಲ್ಲ. ಅದು ಪ್ರಕೃತಿಯ ಕಟ್ಟಡ. ಹಲಸೂರಿನದು ಮನುಷ್ಯ ಕಟ್ಟಿದ ಕೆರೆ, ಮನುಷ್ಯನೇ ಬಿಟ್ಟ ಕೊಳಚೆ. ಆದ್ದರಿಂದ ಸರಿಪಡಿಸುವುದೂ ಅವನ ಕೈಯಲ್ಲೇ ಇದೆ. ಕೆರೆಯನ್ನು ಮಾತ್ರ ಶುಚಿ ಮಾಡಿದರೆ ಸಾಲದು. ಮೇಲಿನ ಕಾಲುವೆಗೆ ಕೊಳಚೆ ಸೇರುವುದು ನಿಲ್ಲಬೇಕು. ಇಲ್ಲವಾದರೆ ಇಲ್ಲಿಯ ಕೊಳೆ ಬೆಳ್ಳಂದೂರಿನ ಪಾಲಾಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮಳೆ ನಿಂತ ಮೇಲೆ ನಿಮ್ಮ ಬೀದಿಯ ನೀರು ಯಾವ ಕಡೆಗೆ ಹರಿಯುತ್ತದೆಂದು ನೋಡಿ, ನಕ್ಷೆಯಲ್ಲಿ ಬಾಣದ ಗುರುತು ಹಾಕಿ. ಅದು ಯಾವ ಕೆರೆಗೆ, ಅಲ್ಲಿಂದ ಯಾವ ನದಿಗೆ ಹೋಗುತ್ತದೆಂದು ಪತ್ತೆ ಮಾಡಿ. ತಂದೆ ತಾಯಿಯರು ಜೊತೆಗಿರಲಿ. ತುಂಬಿದ ಚರಂಡಿಯ ಹತ್ತಿರ ಮಾತ್ರ ಮಕ್ಕಳನ್ನು ಬಿಡಬೇಡಿ.