ಈ ಊರಿನ ರೌಡಿಗೆ ನಾಲ್ಕು ಕಾಲು

ಊರಿಗೆಲ್ಲ ಕಾಟ ಕೊಡುವ ಒಬ್ಬ ಗೂಂಡಾ, ಅವನನ್ನು ಹೇಗಾದರೂ ದಾರಿಗೆ ತರಬೇಕು ಅಂತ ಹೊರಡುವ ಜನ, ನಡುವೆ ಒಂದಷ್ಟು ಗಲಾಟೆ, ಹೊಟ್ಟೆ ಹುಣ್ಣಾಗುವಷ್ಟು ನಗು. ಈ ಥರದ ಕಥೆ ನನಗೆ ಯಾವತ್ತೂ ಬೇಜಾರಾಗಿಲ್ಲ. ಕಳೆದ ಶನಿವಾರ ರಾತ್ರಿ ಅಂಥದ್ದೇ ಒಂದು ಮರಾಠಿ ಸಿನಿಮಾ ಹುಡುಕಿಕೊಂಡು ಕೂತಾಗ ಸಿಕ್ಕಿದ್ದು 2008ರ 'ವಳೂ'. ಗೂಂಡಾ ಇದ್ದಾನೆ, ಕಾಟಾನೂ ಇದೆ. ಆದರೆ ಈ ಗೂಂಡಾಗೆ ನಾಲ್ಕು ಕಾಲು, ಎರಡು ಕೊಂಬು.

ವಳೂ ಅಂದರೆ ಗೂಳಿ. ಕುಸವಡೆ ಅನ್ನೋ ಹಳ್ಳಿ, ಅಲ್ಲೊಂದು ದೇವರ ಹೆಸರಲ್ಲಿ ಬಿಟ್ಟ ಗೂಳಿ. ಹೆಸರು ಡುರಕ್ಯಾ. ಮರಾಠಿಯಲ್ಲಿ ಗೂಳಿ ಗುಟುರು ಹಾಕೋದಕ್ಕೆ ಇರುವ ಪದದಿಂದ ಬಂದ ಹೆಸರು ಅದು. ನಮ್ಮ ಕಡೆಯಾದರೆ ಗುಟುರಪ್ಪ ಅಂತಿದ್ದೆವೇನೋ. ಗೂಳಿ ಹುಚ್ಚೆದ್ದಿದೆ, ಅದನ್ನು ಹಿಡಿದು ಸಾಗಿಸಿ ಅಂತ ಊರಿನ ದೂರು. ಹಿಡಿಯೋಕೆ ಬರುವವನು ಅರಣ್ಯ ಇಲಾಖೆಯ ಅಧಿಕಾರಿ. ಕಾಡುಪ್ರಾಣಿ ನೋಡಿಕೊಳ್ಳಬೇಕಾದ ಇಲಾಖೆಗೂ ಊರ ಗೂಳಿಗೂ ಏನಪ್ಪಾ ಸಂಬಂಧ ಅಂತ ಕೇಳಬೇಡಿ, ಆ ಮನುಷ್ಯನ ಮುಖದಲ್ಲೂ ಅದೇ ಪ್ರಶ್ನೆ ಇದೆ. ಸಾಲದ್ದಕ್ಕೆ ಅವನ ತಮ್ಮ ಕ್ಯಾಮೆರಾ ಹಿಡಿದು ಜೊತೆಗೆ ಬಂದಿದ್ದಾನೆ, ಈ ಸಾಹಸದ ಡಾಕ್ಯುಮೆಂಟರಿ ಮಾಡೋಕೆ.

ಅಧಿಕಾರಿಯ ಪಾತ್ರ ಅತುಲ್ ಕುಲಕರ್ಣಿಯವರದು. ಹುಟ್ಟಿದ್ದು ಬೆಳಗಾವಿಯಲ್ಲಿ. 2007ರ 'ಆ ದಿನಗಳು' ನೋಡಿದವರಿಗೆ ಮರೆಯೋಕಾಗದ ಮುಖ, ಅದರಲ್ಲಿ ಅಗ್ನಿ ಶ್ರೀಧರ್ ಆಗಿದ್ದವರು ಇವರೇ. ಭೂಗತ ಲೋಕ ಬಿಟ್ಟು ಬರಹಗಾರನಾದ ಮನುಷ್ಯನ ಪಾತ್ರ ಮಾಡಿದ ಮರುವರ್ಷವೇ ಗೂಳಿಯ ಹಿಂದೆ ಹಗ್ಗ ಹಿಡಿದುಕೊಂಡು ಓಡಾಟ! ಇನ್ನೂ ಇದೆ ಕೇಳಿ. ಗೂಳಿಯನ್ನು ದೇವರೆಂದೇ ನೋಡುವ ಊರ ಭಟ್ಟರ ಪಾತ್ರದಲ್ಲಿ ದಿಲೀಪ್ ಪ್ರಭಾವಳ್ಕರ್. 2006ರ 'ಲಗೇ ರಹೋ ಮುನ್ನಾಭಾಯಿ'ಯಲ್ಲಿ ಗಾಂಧೀಜಿಯಾಗಿ ಬಂದು ಒಬ್ಬ ಭಾಯಿಯನ್ನೇ ಬದಲಾಯಿಸಿದವರು. ಅವರನ್ನೂ ಇವರನ್ನೂ ಒಂದೇ ಊರಲ್ಲಿ ನೋಡಿದರೆ, ಸರಿ, ಡುರಕ್ಯಾ ಇನ್ನು ಒಳ್ಳೆಯವನಾದ ಹಾಗೇ ಅನ್ನಿಸುತ್ತೆ.

ಆದರೆ ನಿರ್ದೇಶಕ ಉಮೇಶ್ ಕುಲಕರ್ಣಿ ಆ ದಾರಿ ಹಿಡಿಯಲ್ಲ. ಇದು ಅವರ ಮೊದಲ ಪೂರ್ಣಪ್ರಮಾಣದ ಚಿತ್ರ. ಮುಂದೆ ಇದೇ ತಂಡದ 'ದೇವೂಳ್'ಗೆ ಬಂದ ರಾಷ್ಟ್ರಪ್ರಶಸ್ತಿಯನ್ನು ನಮ್ಮ ಕರಾವಳಿಯ ಬ್ಯಾರಿ ಭಾಷೆಯ 'ಬ್ಯಾರಿ' ಸಿನಿಮಾ ಜೊತೆ ಹಂಚಿಕೊಂಡಿತ್ತು, ಅದು ಬೇರೆ ಮಾತು. 'ವಳೂ'ನಲ್ಲಿ ಅವರು ಮಾಡೋದು ಇಷ್ಟೇ: ಕ್ಯಾಮೆರಾವನ್ನು ಗೂಳಿಯಿಂದ ತಿರುಗಿಸಿ ಊರಿನವರ ಮುಖಕ್ಕೆ ಹಿಡಿಯುತ್ತಾರೆ. ಊರಲ್ಲಿ ಏನೇ ಕೆಟ್ಟರೂ ಡುರಕ್ಯಾನೇ ಕಾರಣ. ಯಾರದೋ ತಪ್ಪು, ಯಾರದೋ ಕಳ್ಳಾಟ, ಎಲ್ಲದರ ಬಿಲ್ಲೂ ಗೂಳಿಯ ಖಾತೆಗೇ. ಸರಪಂಚರಿಗೆ (ಮೋಹನ್ ಆಗಾಶೆ, ಅಸಲಿಗೆ ಮನೋವೈದ್ಯರು) ಗೂಳಿ ಹಿಡಿಸಿದರೆ ಹೆಸರು ಬರುತ್ತೆ. ಅವರ ಎದುರಾಳಿಗೂ ಇದರಲ್ಲಿ ತನ್ನದೇ ಲೆಕ್ಕಾಚಾರ. ಗೂಳಿ ಯಾರಿಗೂ ಬೇಡ, ಆದರೆ ಗೂಳಿಯ ಸುದ್ದಿ ಎಲ್ಲರಿಗೂ ಬೇಕು.

ಸ್ವಲ್ಪ ಯೋಚನೆ ಮಾಡಿ. ದೇವರಿಗೆ ಬಿಟ್ಟ ಗೂಳಿಗೆ ಮೂಗುದಾರ ಇಲ್ಲ, ಗೂಟ ಇಲ್ಲ. ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುವ ಹಾಗಿಲ್ಲ. ಹಾಗೆ ಬೆಳೆಸಿದ್ದು ಊರೇ. ಮಂಡ್ಯ ಕಡೆಯವರಿಗೆ ಇದು ಹೇಳಬೇಕಾಗಿಲ್ಲ, ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಬಸಪ್ಪ ದೇವಸ್ಥಾನಗಳಿಗೆ ಪೂಜಾರಿಯನ್ನು ಆರಿಸುತ್ತಾನೆ, ಜನ ಅವನ ಮಾತಿಗೆ ತಲೆಬಾಗ್ತಾರೆ. ಅಲ್ಲಿ ನ್ಯಾಯ ಹೇಳುವ ಬಸವ, ಕುಸವಡೆಯಲ್ಲಿ ಕಟಕಟೆಯಲ್ಲಿ ನಿಂತಿದ್ದಾನೆ. ಎರಡೂ ಕಡೆ ಬಾಯಿಲ್ಲದ ಪ್ರಾಣಿ, ಮಾತೆಲ್ಲ ನಮ್ಮದೇ.

ಸಿನಿಮಾ ಅಲ್ಲಲ್ಲಿ ಎಳೆದಂತಿದೆ, ಸುಳ್ಳು ಹೇಳಲ್ಲ. ಪಾತ್ರಗಳು ಜಾಸ್ತಿ, ಯಾರ ಮನೆಯವರು ಯಾರು ಅಂತ ತಿಳಿಯೋಕೆ ಅರ್ಧ ಗಂಟೆ ಬೇಕು. ನನ್ನ ಮರಾಠಿ ಅಷ್ಟಕ್ಕಷ್ಟೇ, ಸಬ್‌ಟೈಟಲ್ ಓದಿಕೊಂಡೇ ನೋಡಿದ್ದು. ಆದರೂ ಮೊದಲ ಒಂದು ಗಂಟೆ ಚೆನ್ನಾಗಿ ನಕ್ಕೆ. ನಮ್ಮ ಆಫೀಸಲ್ಲೂ ಒಬ್ಬ ಡುರಕ್ಯಾ ಇರ್ತಾನಲ್ಲ, ರಾಜೀನಾಮೆ ಕೊಟ್ಟು ನೋಟಿಸ್ ಪೀರಿಯಡ್‌ನಲ್ಲಿ ಇರೋನು? ಹಳೇ ಬಗ್‌ಗಳೆಲ್ಲ ಅವನದೇ.

ಆಮೇಲೆ ಯಾಕೋ ನಗು ನಿಂತುಹೋಯ್ತು. ದೊಡ್ಡಪ್ಪನ ಮಗ ನೆನಪಾದ.

ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಜಾತ್ರೆಯಲ್ಲಿ ಒಂದು ಹೊಡೆದಾಟ, ಎದುರಿಗಿದ್ದ ಹುಡುಗನ ಹಲ್ಲು ಮುರಿಯಿತು. ತಪ್ಪೇ. ಆದರೆ ಅವತ್ತಿಂದ ಊರಲ್ಲಿ ತೆಂಗಿನಕಾಯಿ ಕಳುವಾದರೂ ಅವನೇ, ಪಂಪ್‌ಸೆಟ್ ಕೇಬಲ್ ಕಟ್ಟಾದರೂ ಅವನೇ. ಅವನು ಬೆಳಗ್ಗೆ ಐದಕ್ಕೆ ಎದ್ದು ಡೈರಿಗೆ ಹಾಲು ಹಾಕಿ ಬಂದರೆ, 'ನೋಡ್ರಪ್ಪಾ, ರೌಡಿ ಒಳ್ಳೇನಾಗವ್ನೆ' ಅಂತ ನಗೋರು. ಹೊಡೆದಾಟಕ್ಕೆ ಮುಂಚೆಯೂ ಹಾಲು ಹಾಕುತ್ತಿದ್ದವನು ಅವನೇ ಅಂತ ಯಾರಿಗೂ ನೆನಪಿರಲಿಲ್ಲ.

ಒಂದು ಸಂಜೆ ನಾನು ಅಪ್ಪನ ಸ್ಕೂಟರ್ ಕದ್ದು ಓಡಿಸಿ, ಚರಂಡಿಗೆ ಇಳಿಸಿ, ಹೆಡ್‌ಲೈಟ್ ಒಡೆದೆ. ಒರೆಸಿ ತಂದು ಮೊದಲಿದ್ದ ಜಾಗದಲ್ಲೇ ನಿಲ್ಲಿಸಿದೆ. ರಾತ್ರಿ ಅಪ್ಪ ನೋಡಿದವರೇ, 'ಅವನದೇ ಕೆಲಸ' ಅಂದರು. ಹೆಸರು ಕೂಡ ಹೇಳಲಿಲ್ಲ, ಹೇಳಬೇಕಾಗಿರಲಿಲ್ಲ. ನಾನು ಅನ್ನ ಕಲೆಸುತ್ತಾ ಕೂತಿದ್ದೆ. ಮರುದಿನ ದೊಡ್ಡಪ್ಪ ಅವನಿಗೆ ಬೆಲ್ಟಲ್ಲಿ ಬಾರಿಸಿದ್ದು ನಮ್ಮನೆ ಜಗುಲಿಗೂ ಕೇಳಿಸಿತು. ಅವನು ನಾನಲ್ಲ ಅಂತ ಒಂದೇ ಸಲ ಅಂದ. ಪಿಯುಸಿ ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ಹೋದ. ಈಗ ಕ್ಯಾಬ್ ಓಡಿಸ್ತಾನೆ, ಹೆಂಡತಿ ಇದ್ದಾಳೆ, ಮಗಳು ಎರಡನೇ ಕ್ಲಾಸು. ಊರಿಗೆ ಬಂದರೆ ಇವತ್ತಿಗೂ ಯಾರಾದರೂ ಕೇಳ್ತಾರೆ, 'ಏನಪ್ಪಾ, ಈಗ ಸರಿಯಾಗಿದೀಯಾ?'

ಡುರಕ್ಯಾ ಕೊನೆಗೆ ಸಿಕ್ಕಿಬೀಳ್ತಾನಾ ಇಲ್ವಾ ಹೇಳಲ್ಲ, ನೀವೇ ನೋಡಿ.

ಭಾನುವಾರ ಬೆಳಗ್ಗೆ ಸಿನಿಮಾ ಹೆಸರು ಅಣ್ಣನಿಗೆ ವಾಟ್ಸಾಪ್ ಮಾಡಿದ್ದೆ. ರಾತ್ರಿ ಉತ್ತರ ಬಂತು: 'ಗೂಳಿ ಆಕ್ಟಿಂಗ್ ಸೂಪರ್ ಕಣೋ. ಪಾಪ ಅನ್ನಿಸ್ತು.' ಸ್ಕೂಟರ್ ವಿಷಯ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ಅದಕ್ಕೇ ಇಲ್ಲಿ ಬರೆದಿದ್ದೀನಿ. ಇದು ಪ್ರಕಟವಾದ ತಕ್ಷಣ ಲಿಂಕ್ ಅವನಿಗೆ ಹೋಗುತ್ತೆ, ಆಮೇಲೆ ಅಪ್ಪನಿಗೆ.