ಮನೆಗಾವಲಿನ ಕ್ಯಾಮರಾ

ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಈಗ ಎಷ್ಟೋ ಮನೆಗಳ ಬಾಗಿಲಲ್ಲಿ ಕ್ಯಾಮರಾ ಕಾಣಬರುತ್ತದೆ. ಕಾಣಬರುವುದೇನೋ ಸರಿ, ಅದು ಕಾಯುತ್ತಿದೆಯೆ? ಮೊಬೈಲಿನಲ್ಲಿ ಚಿತ್ರ ನಿಂತೊಡನೆ ನಮ್ಮವರು ಕ್ಯಾಮರಾವನ್ನೇ ಬೈಯುತ್ತಾರೆ. ದೋಷ ಬಹುಮಟ್ಟಿಗೆ ಬೇರೆಡೆ ಇರುತ್ತದೆ.

ನಮ್ಮ ಸೀಮೆಯ ಹಳೆಯ ಮನೆಗಳ ಗೋಡೆ ಕಲ್ಲಿನದು. ನಡುಮನೆಯಲ್ಲಿ ರೂಟರನ್ನಿಟ್ಟು, ಶಿಡ್ಲಘಟ್ಟದ ರೈತನು ಹಿತ್ತಿಲಿನ ಹುಳು ಸಾಕುವ ಮನೆಗೆ ಕ್ಯಾಮರಾ ಹಾಕಿಸಿದರೆ ವೈಫೈ ಅಲೆಗಳು ಅಲ್ಲಿಗೆ ಮುಟ್ಟುವುದೆಂತು? 5 ಗಿಗಾಹರ್ಟ್ಸಿನ ಅಲೆ ವೇಗವುಳ್ಳದ್ದಾದರೂ ಗೋಡೆಗೆ ಬೇಗ ಸೋಲುತ್ತದೆ, 2.4ರದು ನಿಧಾನವಾದರೂ ದೂರ ಹೋಗುತ್ತದೆ. ಕ್ಯಾಮರಾ ಇರುವಲ್ಲೇ ಫೋನು ಹಿಡಿದು ಸಿಗ್ನಲ್ ನೋಡಿದರೆ ಅರ್ಧ ಸಂಶಯ ಅಲ್ಲಿಯೇ ತೀರುತ್ತದೆ. ಕೇಬಲ್ ಎಳೆಸುವುದು ಇನ್ನೂ ಮೇಲು.

ಆದರೆ ಕೇವಲ ಅಂತರ್ಜಾಲವನ್ನು ನಂಬುವುದು ನನಗೆ ಒಪ್ಪಿಗೆಯಿಲ್ಲ. ಕರೆಂಟು ಹೋದ ರಾತ್ರಿಯೇ ಅಲ್ಲವೆ ಕಳ್ಳನಿಗೆ ಅನುಕೂಲ? ಕ್ಯಾಮರಾದೊಳಗೆ ಮೆಮೊರಿ ಕಾರ್ಡು, ರೂಟರಿಗೂ ಕ್ಯಾಮರಾಕ್ಕೂ ಸಣ್ಣ ಯುಪಿಎಸ್, ಇವಿಲ್ಲದೆ ಹಣ ಸುರಿಯುವುದು ವ್ಯರ್ಥ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯಿದೆಯು ಜನ ಸೇರುವ ಸಂಸ್ಥೆಗಳಲ್ಲಿ ಚಿತ್ರಣವನ್ನು 30 ದಿನ ಉಳಿಸಬೇಕೆನ್ನುತ್ತದೆ. ಮನೆಗೆ ಆ ಕಟ್ಟಳೆಯಿಲ್ಲ, ವಿವೇಕವೂ ಬೇಡವೆ?

ಸಹಪಾಠಿಗಳು ರಜೆಗೆ ಊರಿಗೆ ಹೋದಾಗ, ರೂಟರನ್ನು ಕಾಲುಗಂಟೆ ಆರಿಸಿಟ್ಟು, ಆ ಹೊತ್ತಿನ ಚಿತ್ರ ಕಾರ್ಡಿನಲ್ಲಿ ಉಳಿದಿದೆಯೇ ಎಂದು ಒಮ್ಮೆ ನೋಡಲಿ.