ಅಪ್ಪ ಎಣಿಸಿ ಕೊಟ್ಟ ಆರು ಎರೆಹುಳು

ರಜೆಗೆ ತವರಿಗೆ ಹೋದಾಗ ಮಗಳು ಫೋನ್ ಹಿಡಿದುಕೊಂಡು ಬಂದಳು. "ಅವ್ವಾ, ಎರೆಹುಳಕ್ಕ ಐದು ಜೋಡಿ ಹೃದಯ ಇರ್ತಾವಂತ, ಖರೇನ?"

"ನಮ್ಮ ಹುಳಕ್ಕ ನಾಲ್ಕ ಜೋಡಿ. ನಾನ ಕೊಯ್ದು ನೋಡೇನಿ" ಅಂದೆ.

ಆಕೆ ನಂಬಲಿಲ್ಲ. ಅವರ ಕಾಲೇಜಿನಲ್ಲಿ ಹುಳ ಕೊಯ್ಯಿಸುವುದಿಲ್ಲ, ಚಾರ್ಟು ವಿಡಿಯೊ ಅಷ್ಟೇ. ಪದವಿ ತರಗತಿಗಳಲ್ಲೂ ಇದನ್ನು ನಿಲ್ಲಿಸಲು ಯುಜಿಸಿ 2014ರಲ್ಲೇ ಹೇಳಿದೆ. ಒಳ್ಳೇದೇ ಆಯ್ತು ಅನ್ನಿ.

ನಾನು ಹಾವೇರಿಯಲ್ಲಿ ಪಿಯುಸಿ ಓದಿದ್ದು 1995ರಲ್ಲಿ. ಆಗ ನಮ್ಮದು ಇನ್ನೂ ಧಾರವಾಡ ಜಿಲ್ಲೆ. ಹಾಸ್ಟೆಲ್ ಕೋಣೆಯಲ್ಲಿ ನಾಲ್ವರು: ನಾನು ಹಾನಗಲ್ಲ ಕಡೆಯಾಕಿ, ಉಳಿದವರು ಶಿಗ್ಗಾಂವಿ, ಸವಣೂರು, ಹಿರೇಕೆರೂರಿನವರು. ಹೆಸರು ಬಿಟ್ಟು ಊರು ಹಿಡಿದೇ ಕರೆಯುತ್ತಿದ್ದೆವು. ಲ್ಯಾಬಿಗೆ ಎರೆಹುಳು ತರ್ರಿ ಅಂದಾಗ ಸವಣೂರಿನಾಕಿ ಬರಿಗೈಲೆ ಬಂದಳು. ಅವರ ಎರೆ ಹೊಲ ಒಣಗಿ ಬಿರುಕು ಬಿಟ್ಟಿತ್ತು, ಹುಳ ಆಳಕ್ಕೆ ಇಳಿದಿದ್ದವು. ಶಿಗ್ಗಾಂವಿಯಾಕಿ ಬಚ್ಚಲ ನೀರು ಹರಿಯುವ ಬಾಳೆ ಬುಡದಿಂದ ಎರಡು ತಂದಳು. ಹಿರೇಕೆರೂರಿನಾಕಿ "ನಾ ಮುಟ್ಟಂಗಿಲ್ಲ ನೋಡ್ರವಾ" ಅಂದುಬಿಟ್ಟಳು. ಉಳಿದದ್ದು ನಮ್ಮ ಗದ್ದೆ.

ಬದುವಿನ ಪಕ್ಕ ಒಂದು ಸಲಿಕೆ ಮಣ್ಣು ಎತ್ತಿದರೆ ಹಿಡಿ ತುಂಬ ಹುಳ. ಅಪ್ಪ ಪಕ್ಕದಲ್ಲೇ ನಿಂತು ಆರು ಎಣಿಸಿ ಡಬ್ಬಿಗೆ ಹಾಕಿದ. "ಸಾಕವಾ. ಇವು ಕೂಲಿ ಕೇಳಲಾರದ ಆಳು." ಡಾರ್ವಿನ್ 1881ರಲ್ಲಿ ಎರೆಹುಳು ಮಣ್ಣಿಗೆ ಮಾಡುವ ಕೆಲಸದ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದ ಅಂತ ನನಗೆ ತಿಳಿದದ್ದು ಬಹಳ ತಡವಾಗಿ.

ಹುಳಕ್ಕೆ ಕ್ಲೋರೋಫಾರ್ಮ್ ಕೊಟ್ಟು, ಮೇಣ ಹಾಕಿದ ತಟ್ಟೆಯಲ್ಲಿ ಬೆನ್ನು ಮೇಲೆ ಮಾಡಿ ಮಲಗಿಸಿ, ಎರಡೂ ತುದಿಗೆ ಪಿನ್ನು ಚುಚ್ಚಿ, ನೀರು ಹಾಕಬೇಕು. ನೀರಿನಲ್ಲಿ ಅಂಗಗಳು ತೇಲಿ ಬಿಡಿಬಿಡಿಯಾಗಿ ಕಾಣುತ್ತವೆ. ಕತ್ತರಿ ಬೆನ್ನಿನ ನಡುಗೆರೆಯ ಪಕ್ಕ ಚರ್ಮಕ್ಕಷ್ಟೇ ತಾಗಬೇಕು. ನಮಗೆ ಬೆನ್ನುಹುರಿ ಬೆನ್ನಲ್ಲಿದ್ದರೆ ಅದಕ್ಕೆ ನರದ ಹುರಿ ಇರುವುದು ಹೊಟ್ಟೆಯ ಕಡೆ, ಅದಕ್ಕೇ ಬೆನ್ನಿಂದ ಕೊಯ್ಯುವುದು. ಮೊದಲನೇ ಹುಳಕ್ಕೆ ನನ್ನ ಕತ್ತರಿ ಆಳಕ್ಕೆ ಹೋಯಿತು. ಕರುಳು ಹರಿದು ನೀರೆಲ್ಲ ರಾಡಿ. ಅದರ ಹೊಟ್ಟೆ ತುಂಬ ಇದ್ದದ್ದು ನಮ್ಮ ಗದ್ದೆಯ ಮಣ್ಣೇ. ತಟ್ಟೆ ತೊಳೆಯುವಾಗ ಅಪ್ಪನ ಎಣಿಕೆ ನೆನಪಾಗಿ ಒಂದು ಥರಾ ಆಯ್ತು.

ಎರಡನೆಯದು ಸರಿಯಾಗಿ ಬಿಚ್ಚಿತು. 8ನೇ ಉಂಗುರದಲ್ಲಿ ಮಣ್ಣು ಅರೆಯುವ ಗಟ್ಟಿ ಗಂಟು. ಹೃದಯ ಅಂದರೆ ಕರುಳನ್ನು ಬಳಸಿಕೊಂಡ ಕೆಂಪು ನಾಳಗಳು. 7, 9, 12, 13ನೇ ಉಂಗುರಗಳಲ್ಲಿ ಒಂದೊಂದು ಜೋಡಿ. ಐದು ಜೋಡಿ ಅನ್ನುವುದು ವಿದೇಶದ ಪುಸ್ತಕಗಳ ಲುಂಬ್ರಿಕಸ್ ಹುಳದ ಲೆಕ್ಕ. ನಾವು ಓದಿದ್ದು ಫೆರೆಟಿಮಾ. ಕೊಯ್ಯದೆಯೂ ಗುರುತು ಹಿಡಿಯಬಹುದು: ಫೆರೆಟಿಮಾದ ದಪ್ಪ ಪಟ್ಟಿ ಬಾಯಿಯಿಂದ 14, 15, 16ನೇ ಉಂಗುರಕ್ಕೆ ಬರುತ್ತದೆ, ಲುಂಬ್ರಿಕಸ್‌ದು 30 ದಾಟಿದ ಮೇಲೆ.

"ಹಂಗಾರ ಎಣಸೂಣು ನಡಿ" ಅಂತ ಮಗಳು ಸಲಿಕೆ ತಗೊಂಡು ಹೊರಟೇಬಿಟ್ಟಳು.

ಅಪ್ಪ ಹೋಗಿ ಒಂಬತ್ತು ವರ್ಷ. ಗದ್ದೆಯಲ್ಲಿ ಈಗ ತಮ್ಮ ಗೋವಿನಜೋಳ ಹಾಕುತ್ತಾನೆ, ಹುಳದ ಔಷಧವನ್ನೂ ಹಾಕುತ್ತಾನೆ. ಅವನನ್ನೇನೂ ದೂರುವುದಿಲ್ಲ, ಸಾಲ ಅವನ ಹೆಸರಲ್ಲಿದೆ. ಅದೇ ಬದುವಿನ ಹತ್ತಿರ ನಾಲ್ಕು ಕಡೆ ಅಗೆದೆವು. ಮಳೆಗಾಲ, ಮಣ್ಣು ಹಸಿಯಿತ್ತು. ಒಂದೂ ಸಿಗಲಿಲ್ಲ. ಕಡೆಗೆ ತಿಪ್ಪೆಯ ಅಂಚಿನಲ್ಲಿ ಒಂದು ಸಿಕ್ಕಿತು.

ಒದ್ದೆ ಪೇಪರಿನ ಮೇಲೆ ಬಿಟ್ಟು ಟಾರ್ಚ್ ಹಾಕಿದೆವು. ಬೆನ್ನ ಮೇಲಿನ ಕಪ್ಪುಗೆಂಪು ಗೆರೆ ಬಾಲದಿಂದ ತಲೆಯ ಕಡೆ ಮಿಡಿಯುತ್ತಿತ್ತು. ಒಣ ಪೇಪರಿನ ಮೇಲೆ ಒಂದು ಕ್ಷಣ ಬಿಟ್ಟು ಕಿವಿಗೊಟ್ಟರೆ ಅದರ ಸಣ್ಣ ಬಿರುಗೂದಲು ಉಜ್ಜುವ ಚರಚರ ಸದ್ದು. ಮಗಳು ಎರಡು ಸಲ ಎಣಿಸಿದಳು. ಪಟ್ಟಿ 14ಕ್ಕೇ ಶುರುವಾಗಿತ್ತು.

ಅಷ್ಟರಲ್ಲಿ ತಮ್ಮ ಬಂದ. "ಮಾಮಾ, ನಿನ್ನ ಹೊಲದಾಗ ಒಂದೂ ಇಲ್ಲ" ಅಂದಳು ಇವಳು. ಅವನು ಹುಳವನ್ನು ಬಹಳ ಹೊತ್ತು ನೋಡಿದ.

"ಅಕ್ಕಾ, ಅಪ್ಪ ಆವತ್ತ ಎಷ್ಟ ಎಣಿಸಿ ಕೊಟ್ಟಿದ್ದ ನಿನಗ?"

"ಆರು."

ಮಾತಾಡದೆ ಸಲಿಕೆ ತಗೊಂಡು, ಇನ್ನೊಂದು ಬದುವಿನ ಕಡೆ ಅಗೆಯಲು ಹೋದ.